ಫೋಸುವಾ ಕೊಂಡ ಅರ್ಧ ಮಶೀನು

ಟೈಲ್ಸ್ ಕತ್ತರಿಸುವ ಗ್ರೈಂಡರ್ ಕೈಕೊಡುವ ಮೊದಲು ಒಂದು ವಾಸನೆ ಬರುತ್ತದೆ, ತಳ ಹತ್ತಿದ ಅಲಸಂದೆಯ ವಾಸನೆ. ಆ ವರ್ಷ ಫೋಸುವಾಳಿಗೆ ಅದು ಎಷ್ಟು ಪರಿಚಯವಾಗಿಹೋಗಿತ್ತೆಂದರೆ, ಘಾನಾದ ಕುಮಾಸಿ ಊರಿನ ಸಂತಾಸಿ ಬಡಾವಣೆಯ ಆ ಮಾಳಿಗೆ ಮನೆಯಲ್ಲಿ ಬ್ಲೇಡು ಟೈಲ್ಸಿನ ಅರ್ಧಕ್ಕೆ ಬಂದಾಗ ಅದು ಮೂಗಿಗೆ ಬಡಿದದ್ದೇ ತಡ, ಹೊಗೆ ಎಲ್ಲಿಂದ ಎಂದು ನೋಡುವುದಕ್ಕೂ ಹೋಗದೆ ಸ್ವಿಚ್ಚಿನಿಂದ ಬೆರಳು ತೆಗೆದುಬಿಟ್ಟಳು. ತೆಗೆದರೂ ಪ್ರಯೋಜನವಾಗಲಿಲ್ಲ. ಮಶೀನು ಒಮ್ಮೆ ಕೆಮ್ಮಿ ನಿಂತಿತು. ಬ್ಲೇಡು ಟೈಲ್ಸಿನಲ್ಲಿ ಕಚ್ಚಿಕೊಂಡೇ ಉಳಿಯಿತು.

ಇದು ಆ ವರ್ಷದ ಎರಡನೆಯದು. ಮೊದಲನೆಯದು ಈಸ್ಟರ್ ಹೊತ್ತಿಗೆ ಸತ್ತಿತ್ತು. ಎರಡೂ ಹೊಚ್ಚ ಹೊಸವು, ಎರಡನ್ನೂ ದೊಡ್ಡ ಮಾರುಕಟ್ಟೆಯ ಪಕ್ಕದ ರಸ್ತೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಸಿ ಕೊಂಡಿದ್ದಳು, ಎರಡರ ಡಬ್ಬದ ಮೇಲೂ ಕನ್ನಡಕ ಹಾಕಿದ ಬಿಳಿಯನೊಬ್ಬ ಹಲ್ಲು ಬಿಟ್ಟು ನಗುತ್ತಿದ್ದ.

"ಮತ್ತೆ ಹೋಯ್ತಾ?" ಬಾಗಿಲಲ್ಲಿ ಮೇಸ್ತ್ರಿ ಅಗ್ಯೇಕುಂ ನಿಂತಿದ್ದ. ಕೈಯಲ್ಲಿ ಹುರಿದ ಬಾಳೆಕಾಯಿ, ಬಾಯಲ್ಲಿ ಕಡಲೆಕಾಯಿ.

"ಬಿಸಿ ಆಗಿದೆ. ಸ್ವಲ್ಪ ಆರಲಿ."

"ನಿನ್ನ ಮಶೀನಿಗೂ ನಮ್ಮ ಅತ್ತೆಗೂ ಏನೂ ವ್ಯತ್ಯಾಸ ಇಲ್ಲ ಸಿಸ್ಟರ್. ಒಂದು ಕೆಲಸ ಹೇಳಿದ್ರೆ ಮೈ ಬಿಸಿ ಅಂತ ಮಲಗಿಬಿಡ್ತಾರೆ." ಅವನು ಒಳಗೆ ಬಂದು ಅವಳು ಕತ್ತರಿಸಿಟ್ಟ ತುಂಡುಗಳಲ್ಲಿ ಒಂದನ್ನು ಎತ್ತಿ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. "ನೋಡು, ಇಲಿ ಕಚ್ಚಿದಂಗಿದೆ. ಇದನ್ನ ಮೆಟ್ಟಿಲಿಗೆ ಹಾಕ್ತೀಯಾ?"

ಫೋಸುವಾ ಬ್ಲೇಡನ್ನು ಟೈಲ್ಸಿನಿಂದ ಬಿಡಿಸತೊಡಗಿದಳು. ಅಂಚು ನಿಜವಾಗಿಯೂ ಇಲಿ ಕಚ್ಚಿದಂತಿತ್ತು.

ಮನೆ ಹ್ಯಾಂಬರ್ಗಿನಲ್ಲಿರುವ ಒಬ್ಬ ಬೋರ್ಗಾನದು. ಹೊರದೇಶದಲ್ಲಿ ದುಡಿಯುವವರನ್ನು ಕುಮಾಸಿಯಲ್ಲಿ ಹಾಗೆಯೇ ಕರೆಯುವುದು. ಅವನ ತಾಯಿ ತೀರಿಹೋಗಿ ವರ್ಷವಾಗುತ್ತ ಬಂದಿತ್ತು. ವರ್ಷದ ಕಾರ್ಯಕ್ಕೆ ಅವನು ಬರುವಾಗ ಮನೆ ಮುಗಿದಿರಬೇಕು, ಬಂದ ನೆಂಟರೆಲ್ಲ ಮೆಟ್ಟಿಲು ಹತ್ತಿ ಮೇಲಿನ ಹಜಾರದಲ್ಲಿ ಕೂರಬೇಕು. ಕೆಳಗಿನ ಕೋಣೆಗಳ ನೆಲವನ್ನು ಫೋಸುವಾ ಮುಗಿಸಿದ್ದಳು. ಉಳಿದದ್ದು ಮೆಟ್ಟಿಲು. ಇಡೀ ಮನೆಯಲ್ಲಿ ಅವಳ ಮನಸ್ಸಿದ್ದದ್ದೂ ಆ ಮೆಟ್ಟಿಲ ಮೇಲೆಯೇ. ಕೋಣೆಯ ನೆಲ ಮಂಚದಡಿ, ಸೋಫಾದಡಿ ಅಡಗಿಹೋಗುತ್ತದೆ. ಮೆಟ್ಟಿಲು ಹತ್ತುವವನು ಮಾತ್ರ ತಲೆ ತಗ್ಗಿಸಿಕೊಂಡೇ ಹತ್ತುತ್ತಾನೆ, ಅಂಚು ಅಂಚೂ ನೋಡುತ್ತಾನೆ, ಮೇಲೆ ಹೋಗಿ ಕೂತ ಮೇಲೆ "ಯಾರು ಮಾಡಿದ್ದು" ಎಂದು ಕೇಳುತ್ತಾನೆ. ಬೋರ್ಗಾಗಳ ಮನೆಗೆ ಬೋರ್ಗಾಗಳೇ ಬರುವುದು. ಅಲ್ಲಿ ಹೇಳಿದ ಹೆಸರು ಇನ್ನೂ ಬುನಾದಿಯಲ್ಲಿರುವ ಹತ್ತಾರು ಮನೆಗಳಿಗೆ ಹೋಗುತ್ತದೆ. ಇಷ್ಟು ವರ್ಷ ಸೋದರಮಾವನ ಹೆಸರಿನಲ್ಲಿ "ಅಟುವಾಹೆನೆಯ ಸೊಸೆ" ಎಂದು ಕರೆಸಿಕೊಂಡು ಕೆಲಸ ಮಾಡಿದ್ದ ಫೋಸುವಾಳಿಗೆ, ತನ್ನ ಹೆಸರಿನಲ್ಲೇ ಬಂದ ಮೊದಲ ಮೆಟ್ಟಿಲು ಅದು.

"ಸೋಮವಾರ ಮೆಟ್ಟಿಲು ಶುರು ಆಗ್ಬೇಕು," ಅಗ್ಯೇಕುಂ ತುಂಡನ್ನು ಕೆಳಗಿಟ್ಟ. "ಅಂಚು ನಲವತ್ತೈದು ಡಿಗ್ರಿ ಓರೆ, ಎರಡು ಟೈಲ್ಸ್ ಸೇರೋ ಜಾಗದಲ್ಲಿ ಕೂದಲು ಹೋಗಬಾರದು. ನಿನ್ನ ಹತ್ರ ಆಗದಿದ್ರೆ ಹೇಳಿಬಿಡು. ಟೋಗೋ ದೇಶದ ಟೈಲ್ಸಿನೋನು ಕೊಸ್ಸಿ ಕಾಯ್ತಾ ಇದ್ದಾನೆ."

"ಟೋಗೋದವರಿಗೆ ಮಾತ್ರ ಕಣ್ಣಿದೆಯಾ ಮೇಸ್ತ್ರಿ?"

"ಕಣ್ಣು ನಿನಗೂ ಇದೆ. ಅವನಿಗೆ ಮಶೀನೂ ಇದೆ."

ಫೋಸುವಾ ಈ ಕೆಲಸಕ್ಕೆ ಬಂದದ್ದು ಯಾವ ಹಟದಿಂದಲೂ ಅಲ್ಲ. ಹೊಲಿಗೆ ಕಲಿಯಲು ಸೇರಿಸುವಷ್ಟು ಹಣ ಮನೆಯಲ್ಲಿ ಇರಲಿಲ್ಲ, ಅಷ್ಟೇ. ಅಮ್ಮನ ಅಣ್ಣ ಅಟುವಾಹೆನೆ ಟೈಲ್ಸ್ ಹಾಕುತ್ತಿದ್ದ. ಸೋದರಮಾವನನ್ನು ಅಲ್ಲಿ ವೋಫಾ ಎನ್ನುತ್ತಾರೆ. ಅಪ್ಪ ಏನೇ ಮಾಡಲಿ ಬಿಡಲಿ, ತಂಗಿಯ ಮಕ್ಕಳ ದಾರಿ ತೋರುವುದು ವೋಫಾನ ಹೊಣೆ. ಅವನು ತೋರಿದ ದಾರಿಯಲ್ಲಿ ಸಿಮೆಂಟು ಕಲಸುವುದಿತ್ತು, ನೀರು ಹೊರುವುದಿತ್ತು, ಸಂದುಗಳಿಗೆ ಬಿಳಿ ಸಿಮೆಂಟು ತುಂಬಿ ಒದ್ದೆ ಬಟ್ಟೆಯಲ್ಲಿ ಒರೆಸುವುದಿತ್ತು. ಒಂದು ದಿನ ನೀರಿನ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತವಳು "ವೋಫಾ, ನಿಮ್ಮ ಸಾಲು ಕಿಟಕಿ ಕಡೆ ಹೋಗ್ತಾ ಇದೆ" ಎಂದಳು. ಅವನು ಬೈದು, ದಾರ ಹಿಡಿದು ನೋಡಿ, ಸುಮ್ಮನೆ ಎದ್ದು ಕರಣೆಯನ್ನು ಅವಳ ಕೈಗೆ ಕೊಟ್ಟ. ಆಗಿನ ಟೈಲ್ಸು ಚಿಕ್ಕವು, ಮೆತ್ತನೆಯವು. ಗೀರು ಎಳೆದು ಒತ್ತಿದರೆ ಬಿಸ್ಕತ್ತಿನಂತೆ ಮುರಿಯುತ್ತಿದ್ದವು. ಈಗಿನವು ಬಾಗಿಲಷ್ಟು ಅಗಲ, ಕಲ್ಲಿಗಿಂತ ಗಟ್ಟಿ. ಅವಕ್ಕೆ ಮಶೀನೇ ಬೇಕು. ಅದೂ ಎಂಥ ಮಶೀನು ಎನ್ನುವಲ್ಲಿಗೆ ಬಂದು ಫೋಸುವಾ ಸಿಕ್ಕಿಕೊಂಡಿದ್ದಳು.

ಪೇಟೆ ನಡುವಿನ ಅಡುಮ್ ಕಡೆಯ ಗಾಜಿನ ಬಾಗಿಲ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತಿತ್ತು. ಅಗ್ಗದ ಮೂರು ಮಶೀನಿನ ಬೆಲೆ ಅದೊಂದಕ್ಕೆ. ಸತ್ತ ಎರಡಕ್ಕೆ ಸುರಿದದ್ದನ್ನು ಸುಮ್ಮನೆ ಇಟ್ಟುಕೊಂಡು, ಇನ್ನೊಂದಿಷ್ಟು ಸೇರಿಸಿದ್ದರೆ ಅದೇ ಬರುತ್ತಿತ್ತಲ್ಲ ಎಂದು ಅವಳು ಮನೆಯಲ್ಲಿ ತನ್ನ ಎಳೆಗೂಸಿಗೆ ಹಾಲು ಕುಡಿಸುವಾಗೆಲ್ಲ ಲೆಕ್ಕ ಹಾಕಿ ಹಾಕಿ ತನ್ನ ಮೇಲೆಯೇ ಸಿಟ್ಟಾಗುತ್ತಿದ್ದಳು. ಆದರೆ ಹಣ ಒಟ್ಟಿಗೆ ಬರುವುದಿಲ್ಲ, ಕೆಲಸ ಕಾಯುವುದಿಲ್ಲ. ಕೈಯಲ್ಲಿ ಮೂರರಲ್ಲಿ ಒಂದು ಪಾಲು ಇದ್ದಾಗ ಮಶೀನು ಇವತ್ತೇ ಬೇಕು. ಹಾಗಾಗಿ ಬಡವರು ಅಗ್ಗದ್ದನ್ನೇ ಮೂರು ಸಲ ಕೊಳ್ಳುತ್ತಾರೆ, ಮೂರನೆಯದೂ ಕೆಟ್ಟ ಮೇಲೆ ಜನ ಅವರಿಗೇ ಬುದ್ಧಿ ಹೇಳುತ್ತಾರೆ.

ಅಂದು ಸಂಜೆ ಬುದ್ಧಿ ಹೇಳಿದ್ದು ವೋಫಾ. ತವರಿನ ಅಂಗಳದಲ್ಲಿ ನೋಯುವ ಮಂಡಿಗೆ ಶಿಯಾ ಕಾಯಿಯ ಬೆಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ. ಅಮ್ಮ ರಾತ್ರಿಯೂಟದ ಫುಫುವಿಗೆ ಬೆಂದ ಮರಗೆಣಸು ಕುಟ್ಟುತ್ತಿದ್ದಳು. ಗಂಡ ಉತ್ತರದ ಕಡೆ ಹೆಗ್ಗೆಣಸಿನ ಲಾರಿಯ ಜೊತೆ ಹೋಗಿದ್ದ. ಫೋಸುವಾ ಮೊದಲು ತೋಳು, ಕತ್ತು, ಎದೆಯ ಮೇಲಿನ ದೂಳನ್ನೆಲ್ಲ ತೊಳೆದು, ಆಮೇಲೆ ಮಗಳು ಅಫ್ರಿಯೆಯನ್ನು ಎತ್ತಿಕೊಂಡಳು. ಟೈಲ್ಸಿನ ದೂಳು ಹಾಲಿನ ಜೊತೆ ಮಗುವಿನ ಬಾಯಿಗೆ ಹೋಗಬಾರದೆಂಬ ಒಂದು ವಿಷಯದಲ್ಲಿ ಮಾತ್ರ ಅವಳು ಯಾವ ಅವಸರಕ್ಕೂ ಬಗ್ಗುತ್ತಿರಲಿಲ್ಲ.

"ಹೊಸದು ತಗೋಬೇಡ ಅಂತ ನಾನು ಅವತ್ತೇ ಹೇಳಿದ್ದೆ," ವೋಫಾ ಶುರು ಮಾಡಿದ. "ನಮ್ಮಲ್ಲಿಗೆ ಹೊಸದು ಅಂತ ಬರೋದು ಬರೀ ಬಣ್ಣ. ಹೊರದೇಶದಲ್ಲಿ ಬಳಸಿದ್ದು ತಗೋ. ಅಲ್ಲಿ ಹಿಮದಲ್ಲಿ, ಮಳೇಲಿ ದುಡಿದೂ ಸಾಯದೆ ಹಡಗು ಹತ್ತಿ ಬಂದಿದೆ ಅಂದ್ರೆ ಅದರ ಮೂಳೆ ಗಟ್ಟಿ ಅಂತ ತಾನೇ?"

"ನಿಮ್ಮ ಮಂಡಿನೂ ಹಂಗೇ ದುಡಿದಿದೆ ವೋಫಾ. ಗಟ್ಟಿ ಇದೆಯಾ?"

ಅಮ್ಮ ಒನಕೆ ನಿಲ್ಲಿಸಿ ನಕ್ಕಳು. ವೋಫಾ ನಗಲಿಲ್ಲ. "ನಗಿ. ಸುಆಮೆಯಲ್ಲಿ ದ್ವೊಮೊ ಅಂತ ಇದ್ದಾನೆ. ನನಗೆ ಗೊತ್ತಿರೋನು. ಮೊನ್ನೆ ಅಂತ್ಯಕ್ರಿಯೆಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ. ಇಂಗ್ಲೆಂಡಿಂದ ಕಂಟೇನರು ತರಿಸ್ತಾನೆ. ನನ್ನ ಹೆಸರು ಹೇಳು."

ಹೊರದೇಶದಲ್ಲಿ ಬಳಸಿ ಬಂದದ್ದೇ ಗಟ್ಟಿ ಎಂಬುದು ವೋಫಾ ಒಬ್ಬನ ಮಾತಲ್ಲ. ಫ್ರಿಜ್ಜು, ಹಾಸಿಗೆ, ಕಾರಿನ ಟೈರು, ಮಕ್ಕಳ ಸೈಕಲ್ಲು, ಎಲ್ಲದರಲ್ಲೂ ಊರಿಗೆ ಊರೇ ಹಾಗೆ ನಂಬಿತ್ತು. ಫೋಸುವಾ ಕೂಡ ನಂಬಿದ್ದಳು. ಇಂಗ್ಲೆಂಡಿನಿಂದ ಬಂದ ತವರಿನ ಹಳೇ ಫ್ರಿಜ್ಜು ಇವತ್ತಿಗೂ ಓಡುತ್ತಿತ್ತು.

ಮರುದಿನ ಬೆಳಿಗ್ಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಟ್ರೋಟ್ರೋ ಹತ್ತಿದಳು. ವ್ಯಾನಿನಲ್ಲಿ ಬಾಗಿಲ ಬಳಿಯ ಸೀಟೇ ಸಿಕ್ಕಿತು, ದಾರಿಯುದ್ದಕ್ಕೂ ಇಳಿಯುವವರಿಗೆಲ್ಲ ಎದ್ದು ಎದ್ದು ಕೂರಬೇಕಾಯಿತು. ಸುಆಮೆಯ ಗ್ಯಾರೇಜುಗಳ ಬಡಿತದ ಸದ್ದಿಗೆ ಅಫ್ರಿಯೆ ಎದ್ದಳು. ದ್ವೊಮೊನ ಅಂಗಡಿ ಒಂದು ಕಂಟೇನರೇ. ಮೇಲೆ "ಆತನ ಕೃಪೆಯ ಮಶೀನುಗಳು" ಎಂದು ಬರೆದಿತ್ತು. ಮುಂದೆ ಹೂವಿನ ಪ್ಲಾಸ್ಟಿಕ್ ಹಾಸಿನ ಉದ್ದನೆಯ ಮೇಜು, ಅದರ ಮೇಲೆ ಡ್ರಿಲ್ಲು, ಗರಗಸ, ಗ್ರೈಂಡರುಗಳು ಮೀನಿನ ಅಂಗಡಿಯಲ್ಲಿಟ್ಟ ಹಾಗೆ ಸಾಲಾಗಿ.

"ಅಟುವಾಹೆನೆಯ ಸೊಸೆ? ಬನ್ನಿ ಮಾಮೆ, ಬನ್ನಿ. ಮಗು ಇರೋರಿಗೆ ಕುರ್ಚಿ." ದ್ವೊಮೊ ದಪ್ಪನೆಯ, ಹೆಂಗಸರನ್ನೆಲ್ಲ ಮಾಮೆ, ಅಂದರೆ ತಾಯಿ, ಎಂದು ಕರೆಯುವ ಸಿಹಿ ದನಿಯ ಮನುಷ್ಯ. ಅವಳು ಹೇಳಿದ್ದನ್ನು ಕೇಳಿ ಒಂದು ಗ್ರೈಂಡರನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. "ಇದು ಲಂಡನ್ನಲ್ಲಿ ಚರ್ಚು ಕಟ್ಟಿದ ಮಶೀನು. ಇದಕ್ಕೆ ಪ್ರಾರ್ಥನೆ ಕೂಡ ಬರತ್ತೆ."

"ಪ್ರಾರ್ಥನೆ ನಾನು ಮಾಡ್ಕೋತೀನಿ. ಇದು ಟೈಲ್ಸ್ ಕತ್ತರಿಸಲಿ."

ಕೈಗೆ ತಗೊಂಡ ಕೂಡಲೇ ತೂಕ ಒಪ್ಪಿತು. ಬ್ಲೇಡು ಕೂರುವ ದಂಡವನ್ನು ಹಿಡಿದು ಅಲ್ಲಾಡಿಸಿದಳು, ಲಟಲಟ ಇಲ್ಲ. ಬದಿಯ ಬಿರಡೆ ತಿರುಗಿಸಿ, ಓಡುತ್ತ ಓಡುತ್ತ ಸವೆಯುವ ಕಾರ್ಬನ್ ತುಂಡನ್ನು ಹೊರತೆಗೆದು ನೋಡಿದಳು, ಇನ್ನೂ ಅರ್ಧದಷ್ಟು ಉಳಿದಿತ್ತು. ಗಾಳಿಯ ಕಿಂಡಿಗೆ ಮೂಗಿಟ್ಟಳು, ಸುಟ್ಟ ವಾಸನೆ ಇಲ್ಲ. ಕೈಯಲ್ಲೇ ತಿರುಗಿಸಿದರೆ ಒಳಗಿನ ಹಲ್ಲುಗಳು ಮೆಲ್ಲಗೆ, ಸಮವಾಗಿ ಕಚ್ಚುತ್ತಿದ್ದವು. ವೋಫಾ ಹೇಳಿದ್ದು ಸರಿಯಿರಬಹುದು ಅನಿಸಿತು. ಮಶೀನಿನ ವಿವರ ಬರೆದ ತಗಡು ಮಾತ್ರ ಉಜ್ಜಿ ಬೆಳ್ಳಗಾಗಿತ್ತು, ಒಂದಕ್ಷರವೂ ಕಾಣುತ್ತಿರಲಿಲ್ಲ.

"ಇದೇನು?"

"ಕಂಟೇನರಿನಲ್ಲಿ ಒಂದಕ್ಕೊಂದು ತಿಕ್ಕಿಕೊಂಡು ಬಂದಿದ್ದು ಮಾಮೆ. ಸಮುದ್ರ ಅಲ್ವಾ."

ವೈರಿನ ತುದಿಯ ಪ್ಲಗ್ಗು ಹೊಸದು. ಅದನ್ನೂ ಅವಳು ನೋಡಿದಳು. ನೋಡಿ, ಏನನ್ನೋ ಕೇಳಬೇಕು ಎಂದುಕೊಳ್ಳುವಷ್ಟರಲ್ಲಿ ಬೆನ್ನ ಮೇಲೆ ಅಫ್ರಿಯೆ ದನಿ ತೆಗೆದಳು. ದನಿ ಕೇಳಿದ್ದೇ ಎದೆಯಲ್ಲಿ ಹಾಲು ಜಿನುಗಿ ರವಿಕೆ ಒದ್ದೆಯಾಯಿತು. ಅಷ್ಟರಲ್ಲಿ ದ್ವೊಮೊ ಮೇಜಿನ ಕಾಲಿಗೆ ಹೊಡೆದಿದ್ದ ಸಾಕೆಟ್ಟಿಗೆ ಮಶೀನು ಸಿಕ್ಕಿಸಿ ಒತ್ತಿದ್ದ. ಅದು ಹಾಡಿತು ಎಂದೇ ಹೇಳಬೇಕು. ನಡುಕವಿಲ್ಲ, ಕಿಡಿಯಿಲ್ಲ. ಮುರುಕು ಟೈಲ್ಸಿನ ಮೇಲಿಟ್ಟರೆ ಬೆಣ್ಣೆಯಲ್ಲಿ ಚಾಕು.

ಅವಳು ಚೌಕಾಸಿ ಮಾಡಿದಳು, ಕೊಸರಿಗೆ ಒಂದು ಬ್ಲೇಡು ಕೊಡಿಸಿಕೊಂಡಳು, ಕುರ್ಚಿಯಲ್ಲಿ ಕೂತು ಮಗುವಿಗೆ ಹಾಲು ಕೊಟ್ಟಳು, ಹಣ ಎಣಿಸಿ ಕೊಟ್ಟು ಬಂದಳು. ಸುಸು ಚೀಟಿ ಕಟ್ಟಿ ಕೂಡಿಸಿದ್ದೆಲ್ಲ ಅದಕ್ಕೇ ಹೋಯಿತು.

ಸೋಮವಾರ ಬೆಳಿಗ್ಗೆ ಮೊದಲ ಮೆಟ್ಟಿಲಿನ ಟೈಲ್ಸನ್ನು ಅಳೆದು ಗೆರೆ ಎಳೆದಿಟ್ಟು, ಬಾಟಲಿಯಲ್ಲಿ ನೀರು ತುಂಬಿಕೊಂಡು, ಹೊಸ ಮಶೀನನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದಳು. ಅಗ್ಯೇಕುಂ ನೋಡಲೆಂದೇ ಬಂದು ನಿಂತಿದ್ದ. ಅವನ ಜೊತೆ ಎತ್ತರದ, ಕಡಿಮೆ ಮಾತಿನ ಒಬ್ಬ. ಹೇಳದಿದ್ದರೂ ಅವಳಿಗೆ ಗೊತ್ತಾಯಿತು, ಟೋಗೋದ ಕೊಸ್ಸಿ.

ಸ್ವಿಚ್ಚು ಒತ್ತಿದಳು.

ಮಶೀನು ಕಿರುಚಿತು. ಅಂಗಡಿಯಲ್ಲಿ ಹಾಡಿದ್ದೇ ಬೇರೆ, ಇದೇ ಬೇರೆ. ಕೈಯಿಂದ ಹಾರಿಹೋಗುವಂತೆ ಎಳೆಯಿತು, ಕಿಂಡಿಯಿಂದ ನೀಲಿ ಬೆಂಕಿ ಕಾಣಿಸಿತು, ಅವಳು ಬೆರಳು ತೆಗೆಯುವಷ್ಟರಲ್ಲಿ ಒಳಗೆ ಏನೋ ಪಟ್ಟೆಂದು ಸಿಡಿದು ಮೆಟ್ಟಿಲ ತುಂಬ ಹೊಗೆ. ಒಂದು ಟೈಲ್ಸಿಗೂ ತಾಗಿರಲಿಲ್ಲ.

ಅಗ್ಯೇಕುಂ ಕೆಮ್ಮುತ್ತ ಕಿಟಕಿ ತೆಗೆದ. "ಈ ಸಲ ಅತ್ತೆ ಮಲಗೋಕೂ ಪುರಸೊತ್ತು ತಗೊಂಡಿಲ್ಲ."

ಕೊಸ್ಸಿ ಮಾತ್ರ ನಗದೆ ಬಂದು ಕುಕ್ಕರುಗಾಲಲ್ಲಿ ಕೂತು ಮಶೀನನ್ನು ತಿರುಗಿಸಿ ನೋಡಿದ. ಉಜ್ಜಿದ ತಗಡು ನೋಡಿದ. ಪ್ಲಗ್ಗು ನೋಡಿದ. ಊರಿನ ಭಾಷೆಯಾದ ಟ್ವೀ ಅವನ ಬಾಯಲ್ಲಿ ಕುಂಟುತ್ತಿತ್ತು, ಆದರೂ ನೇರವಾಗಿತ್ತು. "ಇದಕ್ಕೆ ಹಳದಿ ಪ್ಲಗ್ಗು ಇತ್ತು ಸಿಸ್ಟರ್. ಅವರು ಕತ್ತರಿಸಿದ್ದಾರೆ."

"ಹಳದಿ ಅಂದ್ರೆ?"

"ಇಂಗ್ಲೆಂಡಲ್ಲಿ ಕಟ್ಟಡ ಕೆಲಸದ ಜಾಗದಲ್ಲಿ ಪೂರ್ತಿ ಕರೆಂಟು ಕೊಡಲ್ಲ. ಶಾಕು ಹೊಡೆದು ಜನ ಸಾಯಬಾರದು ಅಂತ. ಒಂದು ಹಳದಿ ಪೆಟ್ಟಿಗೆ ಇರತ್ತೆ, ಟ್ರಾನ್ಸ್‌ಫಾರ್ಮರು. ಅದು ಕರೆಂಟನ್ನ ಅರ್ಧ ಮಾಡಿ ಕೊಡತ್ತೆ. ಈ ಮಶೀನು ಆ ಅರ್ಧಕ್ಕೆ ಮಾಡಿದ್ದು. ನೀವು ಗೋಡೆಗೆ ಸಿಕ್ಕಿಸಿದ್ರಿ, ಪೂರ್ತಿ ಬಂತು." ಅವನು ಬ್ಲೇಡಿನ ಕಡೆ ತೋರಿಸಿದ. "ಬ್ಲೇಡು ಒಡೆದು ಮುಖಕ್ಕೆ ಬರಲಿಲ್ಲ. ದೇವರಿಗೆ ಕೈಮುಗೀರಿ."

ಫೋಸುವಾಳಿಗೆ ಕೈಮುಗಿಯುವ ಮನಸ್ಸಿರಲಿಲ್ಲ. ಅವಳಿಗೆ ಆ ಹೊಸ ಪ್ಲಗ್ಗು ನೆನಪಾಯಿತು. ಇಂಗ್ಲೆಂಡಿನ ಮನೆಗಳ ಪ್ಲಗ್ಗಿಗೂ ಘಾನಾದ ಪ್ಲಗ್ಗಿಗೂ ಒಂದೇ ಆಕಾರ, ಅದೇ ಮೂರು ಚಪ್ಪಟೆ ಕಡ್ಡಿ. ಅಲ್ಲಿಂದ ಬಂದ ಯಾವ ಸಾಮಾನಿಗೂ ಪ್ಲಗ್ಗು ಬದಲಾಯಿಸುವ ಅಗತ್ಯವೇ ಇಲ್ಲ. ತವರಿನ ಫ್ರಿಜ್ಜಿಗೆ ಯಾರೂ ಬದಲಾಯಿಸಿರಲಿಲ್ಲ. ಬದಲಾಯಿಸಿದ್ದಾರೆಂದರೆ ಏನೋ ಮುಚ್ಚಿಟ್ಟಿದ್ದಾರೆಂದೇ ಅರ್ಥ. ಅದನ್ನು ಅವಳು ಕಣ್ಣಾರೆ ನೋಡಿದ್ದಳು. ದಂಡ ಅಲ್ಲಾಡಿಸಿ, ಕಾರ್ಬನ್ ಬಿಚ್ಚಿ, ಮೂಗಿಟ್ಟು ನೋಡಿ, ಎಲ್ಲ ಪರೀಕ್ಷೆ ಮಾಡಿದವಳು ಆ ಒಂದು ಪ್ರಶ್ನೆಯನ್ನು ಕೇಳದೆ ಬಂದಿದ್ದಳು.

"ನಾಳೆ ತನಕ ಕೊಡಿ ಮೇಸ್ತ್ರಿ."

"ಬೋರ್ಗಾ ದಿನಾ ಫೋನು ಮಾಡ್ತಾನೆ."

"ನಾಳೆ ತನಕ."

ಅಗ್ಯೇಕುಂ ಕೊಸ್ಸಿಯ ಮುಖ ನೋಡಿದ, ಮೆಟ್ಟಿಲು ನೋಡಿದ.

ಮನೆಗೆ ಬಂದು ಮಶೀನನ್ನು ವೋಫಾನ ಕಾಲ ಬಳಿ ಇಟ್ಟಳು. ಅವನು ನೋಡಿದ, ಮೂಸಿ ನೋಡಿದ.

"ಜೋರಾಗಿ ಒತ್ತಿರ್ತೀಯ."

"ಒತ್ತೋಕೆ ಟೈಲ್ಸೇ ಮುಟ್ಟಿಲ್ಲ ವೋಫಾ."

"ದ್ವೊಮೊ ಅಂಥವನಲ್ಲ."

"ಹಂಗಾದ್ರೆ ನೀವೇ ಬಂದು ಅವನ ಪಕ್ಕದಲ್ಲಿ ಕೂತ್ಕೊಳ್ಳಿ. ಅಂತ್ಯಕ್ರಿಯೆಯಲ್ಲಿ ಕೂತಿದ್ರಲ್ಲ, ಹಂಗೆ."

ಅಮ್ಮ "ಏ, ದೊಡ್ಡವರ ಹತ್ರ ಹಂಗೆಲ್ಲ ಮಾತಾಡ್ತಾರಾ" ಎಂದಳು, ಆದರೆ ಗದರಿಕೆಯಲ್ಲಿ ಜೀವವಿರಲಿಲ್ಲ. ವೋಫಾ ಮಂಡಿ ಹಿಡಿದುಕೊಂಡು ಎದ್ದು, ಒಳಗೆ ಹೋಗಿ ಒಳ್ಳೆಯ ಅಂಗಿ ಹಾಕಿಕೊಂಡು, ಕೋಲು ಹಿಡಿದು ಬಂದ. ಈ ಸಲ ಅಫ್ರಿಯೆ ಅಜ್ಜಿಯ ಹತ್ತಿರ ಉಳಿದಳು. ವ್ಯಾನಿನಲ್ಲಿ ವೋಫಾ ಮಂಡಿ ಮಡಚಲಾಗದೆ ಕಾಲನ್ನು ನಡುದಾರಿಗೆ ಚಾಚಿ ಕೂತಿದ್ದ. ಎಡವಿದವರೆಲ್ಲ ಬೈದುಕೊಂಡು ಹೋದರು.

ದ್ವೊಮೊ ಸುಟ್ಟ ಮಶೀನನ್ನು ನೋಡಿ ನಾಲಿಗೆ ಲೊಚಗುಟ್ಟಿದ. "ಅಯ್ಯೋ ಮಾಮೆ. ನಿಮ್ಮ ಕರೆಂಟು ಸರಿ ಇಲ್ಲ."

"ಕರೆಂಟು ಊರಿಗೆಲ್ಲ ಒಂದೇ."

"ಇಲ್ಲಿ ನಿಮ್ಮ ಕಣ್ಣೆದುರೇ ಓಡಿಸಿ ತೋರಿಸಿದೆ. ಓಡಿತಾ ಇಲ್ವಾ? ಪರೀಕ್ಷೆ ಮಾಡಿ ತಗೊಂಡಿದ್ದು ವಾಪಸ್ ಇಲ್ಲ. ಇದು ನನ್ನ ಅಂಗಡಿ ನಿಯಮ ಅಲ್ಲ, ಇಡೀ ಸುಆಮೆಯ ನಿಯಮ. ಹೌದಲ್ವಾ ವೋಫಾ ಅಟುವಾಹೆನೆ?"

ವೋಫಾ ಕೋಲಿನ ತುದಿ ನೋಡುತ್ತ, "ನಿಯಮ ಹೌದು" ಎಂದ. ಫೋಸುವಾಳಿಗೆ ಅವನ ಕೋಲನ್ನೇ ಕಿತ್ತು ಮೇಜಿಗೆ ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. ಮೇಜಿನ ಮೇಲಿದ್ದ, ಅದೇ ಬಣ್ಣದ ಇನ್ನೊಂದು ಗ್ರೈಂಡರನ್ನು ಎತ್ತಿಕೊಂಡಳು. ಅದರ ತಗಡೂ ಉಜ್ಜಿತ್ತು, ಪ್ಲಗ್ಗೂ ಹೊಸದಿತ್ತು. ಪಕ್ಕದ ಅಂಗಡಿಯಲ್ಲಿ ಅಲ್ಯುಮಿನಿಯಮ್ ಪಾತ್ರೆ ಮಾರುವ ಹೆಂಗಸು ಫ್ಯಾನಿನ ಮುಂದೆ ಕೂತಿದ್ದಳು.

"ಎನಾ, ಅಮ್ಮಾ, ನಿಮ್ಮ ಸಾಕೆಟ್ಟಲ್ಲಿ ಇದನ್ನ ಒಂದು ಸಲ ಸಿಕ್ಕಿಸಲಾ?"

"ಸಿಕ್ಕಿಸು ಮಗಳೇ, ಕರೆಂಟೇನು ಹೊತ್ಕೊಂಡು ಹೋಗ್ತೀಯಾ."

ದ್ವೊಮೊನಂಥ ದಪ್ಪ ಮನುಷ್ಯ ಅಷ್ಟು ಬೇಗ ಏಳುತ್ತಾನೆಂದು ಯಾರೂ ಎಣಿಸಿರಲಿಲ್ಲ. ಎದ್ದು ಬಂದು ಮಶೀನಿಗೆ ಕೈ ಹಾಕಿದ. "ಅಲ್ಲಿ ಬೇಡ. ಪರೀಕ್ಷೆ ಮಾಡಬೇಕಾದ್ರೆ ಇಲ್ಲಿ ಮಾಡಿ."

"ಯಾಕೆ? ಅವರ ಕರೆಂಟೂ ಸರಿ ಇಲ್ವಾ?"

ಪಾತ್ರೆಯ ಹೆಂಗಸು ಫ್ಯಾನು ನಿಲ್ಲಿಸಿದಳು, ಚೆನ್ನಾಗಿ ಕೇಳಿಸಲಿ ಎಂದು. "ನನ್ನ ಕರೆಂಟಿಗೆ ಏನಾಗಿದೆ ದ್ವೊಮೊ?"

ಅವನು ಆ ಕಡೆ ತಿರುಗಿದಾಗ ಫೋಸುವಾ ಬಗ್ಗಿ ಮೇಜಿನ ಹೂವಿನ ಹಾಸನ್ನು ಎತ್ತಿದಳು. ಕೆಳಗೆ ಇತ್ತು, ಅಕ್ಕಿ ಡಬ್ಬದಷ್ಟು ದಪ್ಪದ ಹಳದಿ ಪೆಟ್ಟಿಗೆ, ಗುಂಯ್ ಎನ್ನುತ್ತ. ಮೇಜಿನ ಕಾಲಿನ ಸಾಕೆಟ್ಟಿನ ವೈರು ಸೀದಾ ಅದರೊಳಗೆ ಹೋಗಿತ್ತು.

"ನೀವು ನನಗೆ ಅರ್ಧ ಮಶೀನು ಮಾರಿದ್ದೀರಿ ಬಾಸ್," ಅವಳು ದನಿ ಏರಿಸಲಿಲ್ಲ. "ಇನ್ನರ್ಧ ಇಲ್ಲಿದೆ."

"ಅದು ಮಾರೋಕಲ್ಲ. ಅದು ಅಂಗಡಿಯದ್ದು."

"ನಾನು ಇನ್ನರ್ಧ ತಗೊಂಡೇ ಹೋಗೋದು. ಇಲ್ಲ ಅಂದ್ರೆ ಇಲ್ಲೇ ಕೂರ್ತೀನಿ. ಬಂದ ಬಂದ ಗಿರಾಕಿಗೆಲ್ಲ ಹಾಸು ಎತ್ತಿ ತೋರಿಸ್ತೀನಿ. ನನಗೇನು, ಕೆಲಸ ಹೋಗಿದೆ, ಬೇಕಾದಷ್ಟು ಪುರಸೊತ್ತಿದೆ. ಕುರ್ಚಿನೂ ನೀವೇ ಕೊಟ್ಟಿದ್ದೀರಿ."

ಆಗ ವೋಫಾ ಬಾಯಿ ತೆರೆದ. ನಿಯಮದ ಮಾತಾಡಿದ ದನಿಯೇ ಅಲ್ಲ ಅದು. "ದ್ವೊಮೊ, ಮೊನ್ನೆ ನಿಮ್ಮ ಅಣ್ಣನ ಅಂತ್ಯಕ್ರಿಯೆಯಲ್ಲಿ ನಾನು ಬೆಳಿಗ್ಗೆಯಿಂದ ಸಂಜೆ ತನಕ ಬಿಸಿಲಲ್ಲಿ ಕೂತಿದ್ದೆ. ಈ ಕಾಲಲ್ಲಿ. ನನ್ನ ಸೊಸೆಯ ಮುಖಕ್ಕೆ ಬ್ಲೇಡು ಹಾರಿದ್ದರೆ, ಅವಳ ಅಂತ್ಯಕ್ರಿಯೆಯಲ್ಲಿ ನೀನು ಎಲ್ಲಿ ಕೂರ್ತಾ ಇದ್ದೆ?"

ಆಮೇಲೆ ನಡೆದದ್ದು ಬರೀ ಸಂತೆ ಮಾತು. ಹಣ ವಾಪಸ್ ಕೊಡಲು ದ್ವೊಮೊ ಒಪ್ಪಲೇ ಇಲ್ಲ. ಸುಟ್ಟ ಮಶೀನನ್ನು ಬಿಡಿಭಾಗಕ್ಕೆಂದು ಇಟ್ಟುಕೊಂಡು, ಅದೇ ಜಾತಿಯ ಇನ್ನೊಂದನ್ನೂ ಹಳದಿ ಪೆಟ್ಟಿಗೆಯನ್ನೂ ಕೊಡುತ್ತೇನೆ, ಆದರೆ ಪೆಟ್ಟಿಗೆಗೆ ಮೇಲಿಷ್ಟು ಆಗುತ್ತದೆ ಎಂದ. ಫೋಸುವಾಳ ಕೈಯಲ್ಲಿ ವ್ಯಾನಿನ ಬಾಡಿಗೆ ಬಿಟ್ಟರೆ ಏನೂ ಇರಲಿಲ್ಲ. ಮೋಸ ಮಾಡಿದವನಿಗೇ ಮತ್ತೆ ದುಡ್ಡು ಕೊಡಬೇಕೆಂಬ ಮಾತಿಗೆ ಅವಳ ಕಣ್ಣಲ್ಲಿ ನೀರು ಬಂತು. ವೋಫಾ ಅಂಗಿಯ ಒಳಜೇಬಿಗೆ ಕೈ ಹಾಕಿ, ಕರವಸ್ತ್ರದಲ್ಲಿ ಸುತ್ತಿದ ನೋಟುಗಳನ್ನು ಬಿಚ್ಚಿದ. ಶನಿವಾರ ಇನ್ನೊಂದು ಮನೆಯ ಅಂತ್ಯಕ್ರಿಯೆಯಿತ್ತು, ಅಲ್ಲಿ ಕೊಡಲೆಂದು ಕಟ್ಟಿಟ್ಟಿದ್ದ ಕಾಣಿಕೆ ಅದು. ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಆ ಶನಿವಾರ ಅಟುವಾಹೆನೆಯ ಹೆಸರು ಕೂಗುವುದಿಲ್ಲ, ಅದನ್ನು ಊರೆಲ್ಲ ಗಮನಿಸುತ್ತದೆ. ಅವನು ತಪ್ಪಾಯಿತು ಎನ್ನಲಿಲ್ಲ. "ಪ್ಲಗ್ಗು ಗಟ್ಟಿ ಕೂತಿದೆಯಾ ನೋಡು" ಎಂದಷ್ಟೇ ಹೇಳಿ ನೋಟುಗಳನ್ನು ಮೇಜಿನ ಮೇಲಿಟ್ಟ.

ಫೋಸುವಾ ಪೆಟ್ಟಿಗೆಯನ್ನು ಎತ್ತಿದಳು. ಸಿಮೆಂಟಿನ ಅರ್ಧ ಚೀಲದಷ್ಟು ಭಾರ. ತಲೆಯ ಮೇಲೆ ಬಟ್ಟೆ ಸುತ್ತಿ ಅದನ್ನಿಟ್ಟುಕೊಂಡು ನಡೆದಳು. ಕುಂಟುತ್ತಿದ್ದ ವೋಫಾನಿಗೆಂದು ಹೆಜ್ಜೆ ಸಣ್ಣದು ಮಾಡಿದಳು.

ಮರುದಿನ ಸಂತಾಸಿಯ ಮನೆಗೆ ಹೋದಾಗ ಮೇಲಿನಿಂದ ಬ್ಲೇಡಿನ ಸದ್ದು ಕೇಳುತ್ತಿತ್ತು. ಮೆಟ್ಟಿಲು ನಡುವಿನ ಕಟ್ಟೆಯಲ್ಲಿ ತಿರುಗಿ ಮೇಲೆ ಹೋಗುವ ಕಡೆ ಕೊಸ್ಸಿ ಕೂತು ಕತ್ತರಿಸುತ್ತಿದ್ದ. ಅವನ ಹಿಂದೆ ಎರಡು ಮೆಟ್ಟಿಲು ಆಗಲೇ ಮುಗಿದಿದ್ದವು. ಅಂಚುಗಳು ಕೂದಲೂ ಹೋಗದಷ್ಟು ನಯವಾಗಿ ಸೇರಿದ್ದವು.

"ನಾಳೆ ತನಕ ಕೇಳಿದ್ದೆ ಮೇಸ್ತ್ರಿ. ಇವತ್ತು ಆ ನಾಳೆ."

"ಬೋರ್ಗಾ ಕೇಳಲಿಲ್ಲ ಸಿಸ್ಟರ್, ನಾನೇನು ಮಾಡ್ಲಿ." ಅಗ್ಯೇಕುಂ ಕೈಯಲ್ಲಿ ಇವತ್ತು ಬಾಳೆಕಾಯಿ ಇರಲಿಲ್ಲ, ಅವಳ ಮುಖವನ್ನೂ ಅವನು ನೋಡುತ್ತಿರಲಿಲ್ಲ. "ಮೇಲಿನ ಅರ್ಧ ಅವನು, ಕೆಳಗಿನ ಅರ್ಧ ನೀನು. ಆಗತ್ತೆ ಅಂದ್ರೆ ಮಾಡು."

"ಒಂದು ಮೆಟ್ಟಿಲಿಗೆ ಇಬ್ಬರು ಹಾಕಿದ್ರೆ ಯಾರು ಮಾಡಿದ್ದು ಅಂತ ಹೇಳ್ತೀರಿ?"

"ಅದು ನನ್ನ ತಲೆನೋವಲ್ಲ."

ಬೇಡ ಎಂದು ಹೊರಟುಹೋಗಬಹುದಿತ್ತು. ವೋಫಾನ ನೋಟುಗಳ ಋಣ, ಪೆಟ್ಟಿಗೆ, ಖಾಲಿಯಾದ ಸುಸು ಚೀಟಿ, ಎಲ್ಲ ಹೊತ್ತುಕೊಂಡು. ಅವಳು ಪೆಟ್ಟಿಗೆಯನ್ನು ಇಳಿಸಿ ಗೋಡೆಗೆ ಸಿಕ್ಕಿಸಿದಳು, ಮಶೀನನ್ನು ಪೆಟ್ಟಿಗೆಗೆ ಸಿಕ್ಕಿಸಿದಳು. ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ಸ್ವಿಚ್ಚು ಒತ್ತಿದಳು. ಮಶೀನು ಸಮನಾಗಿ ಓಡಿತು. ಆದರೆ ಅಂಚು ಮತ್ತೆ ಇಲಿ ಕಚ್ಚಿದಂತೆಯೇ ಬಂತು. ಫೋಸುವಾ ತುಂಡನ್ನು ಮೂಲೆಗೆ ಎಸೆದಳು.

ಸದ್ದು ಕೇಳಿ ಕೊಸ್ಸಿ ಇಳಿದು ಬಂದ. "ಬ್ಲೇಡು ಯಾವುದು?"

"ಕೊಸರಿಗೆ ಕೊಟ್ಟಿದ್ದು."

"ಕೊಸರಿಗೆ ಕೊಡೋದು ಇಟ್ಟಿಗೆ ಬ್ಲೇಡು. ಹಲ್ಲು ನೋಡಿ, ಎಷ್ಟು ದೂರ ದೂರ. ಇದು ಈ ಟೈಲ್ಸನ್ನ ಕಚ್ಚತ್ತೆ, ಕತ್ತರಿಸಲ್ಲ. ಮೊದಲ ಎರಡು ಮಶೀನಿಗೂ ಇಂಥದ್ದೇ ಹಾಕ್ತಿದ್ರಾ?"

ಫೋಸುವಾ ತಲೆಯಾಡಿಸಿದಳು. ಅಂಥದ್ದೇ. ಮಶೀನಿಗೆ ದುಡ್ಡು ಹೊಂದಿಸಿದ ಮೇಲೆ ಬ್ಲೇಡಿಗೆ ಉಳಿಯುತ್ತಿರಲಿಲ್ಲ. ಕತ್ತರಿಸದ ಬ್ಲೇಡನ್ನು ತಳ್ಳಿ ತಳ್ಳಿಯೇ ಅವು ಬಿಸಿಯಾಗಿ ಸತ್ತವೋ ಏನೋ. ಈಗ ಅದನ್ನು ಕೇಳಿ ಏನು ಪ್ರಯೋಜನ.

ಕೊಸ್ಸಿ ತನ್ನ ಚೀಲದಿಂದ ತೆಳ್ಳನೆಯ, ಸುತ್ತಲೂ ಹಲ್ಲಿಲ್ಲದೆ ಒಂದೇ ಸಮನಾದ ಅಂಚಿನ ಬ್ಲೇಡೊಂದನ್ನು ತೆಗೆದು ಕೊಟ್ಟ. "ಅರ್ಧ ಸವೆದಿದೆ. ನೀರು ಬಿಡ್ತಾ, ಒತ್ತದೆ, ಅದರ ಪಾಡಿಗೆ ಹೋಗೋಕೆ ಬಿಡಿ. ಸಂಬಳ ಬಂದ ಮೇಲೆ ಹೊಸದು ಕೊಡಿ ನನಗೆ."

"ಯಾಕೆ ಕೊಡ್ತೀರಿ?"

"ಕೆಳಗಿನ ಅರ್ಧ ಕೆಟ್ಟದಾಗಿದ್ರೆ ಮೇಲಕ್ಕೆ ಯಾರೂ ಹತ್ತಿ ಬರಲ್ಲ ಸಿಸ್ಟರ್. ನನ್ನ ಕೆಲಸ ಯಾರು ನೋಡ್ತಾರೆ?"

ಅವಳಿಗೆ ನಗು ಬರಲಿಲ್ಲ. ಬ್ಲೇಡು ತಗೊಂಡಳು. ಎದ್ದು ಹೋಗುತ್ತಿದ್ದವನನ್ನು ಕರೆದು, "ಟೈಲ್ಸ್ ಸಾಲಿನ ನಡುವೆ ನೀವು ಬಿಡೋ ಸಂದು ಸಣ್ಣ. ನಾನು ಇದಕ್ಕಿಂತ ಸ್ವಲ್ಪ ಅಗಲ ಬಿಡೋಳು. ನಡುಕಟ್ಟೆಯಲ್ಲಿ ಹೊಂದಲ್ಲ" ಎಂದಳು.

"ನಿಮ್ಮದನ್ನ ಸಣ್ಣ ಮಾಡಿ."

"ಮೆಟ್ಟಿಲು ಕೆಳಗಿಂದ ಶುರು ಆಗತ್ತೆ, ಮೇಲಿಂದಲ್ಲ. ನೀವು ಅಗಲ ಮಾಡಿ."

"ಎರಡು ಹಾಕಿ ಆಗಿದೆ ನಂದು."

"ಗಾರೆ ಇನ್ನೂ ಹಸಿ ಇದೆ."

ಕೊನೆಗೆ ಅವನು ತನ್ನ ಭಾಷೆಯಲ್ಲಿ ಏನೋ ಗೊಣಗಿಕೊಂಡು ಮೇಲೆ ಹೋದ. ಹಾಕಿದ ಎರಡನ್ನೂ ಕೀಳಲಿಲ್ಲ. ಮುಂದಿನದಕ್ಕೆ ಮಾತ್ರ ಸಂದಿನ ಅಗಲಕ್ಕೆ ಅವಳ ಅಳತೆಯ ಪ್ಲಾಸ್ಟಿಕ್ ಬಿಲ್ಲೆ ಇಡುತ್ತಿರುವುದು ಕೆಳಗಿನಿಂದ ಕಾಣಿಸಿತು. ಆ ಎರಡು ಮೆಟ್ಟಿಲು ಯಾವತ್ತೂ ಹಾಗೆಯೇ ಇರುತ್ತವೆ, ನೋಡುವ ಕಣ್ಣಿದ್ದವರಿಗೆ ಕಾಣುತ್ತವೆ.

ಮಧ್ಯಾಹ್ನ ಅವಳ ಎದೆ ಕಲ್ಲಾಗಿ ನೋಯುತ್ತಿತ್ತು. ಅಮ್ಮ ಮಗುವನ್ನು ತಂದಳು. ಕೈ, ಕತ್ತು ತೊಳೆದು ಗೇಟಿನ ಬಳಿಯ ಸಿಮೆಂಟು ಬ್ಲಾಕುಗಳ ಮೇಲೆ ಕೂತು ಹಾಲು ಕೊಟ್ಟು, ಅಮ್ಮ ತಂದ ಕೆಂಕೆ ಎಂಬ ಮೆಕ್ಕೆಜೋಳದ ಉಂಡೆಯನ್ನೂ ಮೀನನ್ನೂ ತಿಂದು ಮತ್ತೆ ಬಂದಳು. ಮೊದಲ ಮೂರು ಮೆಟ್ಟಿಲಿನ ಅಂಚು ಸೇರಿದ್ದವು. ಅವಳು ಹೆಬ್ಬೆರಳಿನ ಉಗುರು ಓಡಿಸಿ ನೋಡಿದಳು, ಎಲ್ಲಿಯೂ ತಡೆಯಲಿಲ್ಲ.

ಆಗಲೇ ಹ್ಯಾಂಬರ್ಗಿನ ಫೋನು ಬಂದದ್ದು. ಅಗ್ಯೇಕುಂ ಫೋನನ್ನು ಮುಂದೆ ಹಿಡಿದು ಮೆಟ್ಟಿಲು ತೋರಿಸುತ್ತ ನಡೆದ. ಪರದೆಯಲ್ಲಿ ದಪ್ಪ ಕೋಟು ಹಾಕಿದ ಬೋರ್ಗಾ. "ಮೇಲೆ ತೋರಿಸು. ಕೆಳಗೆ ತೋರಿಸು. ಹತ್ತಿರ ಹಿಡಿ. ಚೆನ್ನಾಗಿದೆ. ಯಾರು ಮಾಡ್ತಾ ಇರೋದು?"

"ನಮ್ಮ ಟೈಲ್ಸಿನೋರು ಬಾಸ್," ಅಗ್ಯೇಕುಂ ಹೇಳಿದ. "ನಮ್ಮವರೇ."

ಫೋಸುವಾ ಮಶೀನು ನಿಲ್ಲಿಸಿದಳು. ಪೆಟ್ಟಿಗೆಯ ಸ್ವಿಚ್ಚನ್ನೂ ಆರಿಸಿದಳು, ಗುಂಯ್ ಎನ್ನುವುದು ನಿಲ್ಲಲಿ ಎಂದು. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದು ಬಂದು, ಮೇಸ್ತ್ರಿಯ ಮಣಿಕಟ್ಟು ಹಿಡಿದು ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಮೇಲಿನದು ಕೊಸ್ಸಿಯದು," ಎಂದಳು. "ಕೆಳಗಿನದು ನಂದು. ನನ್ನ ಹೆಸರು ಫೋಸುವಾ."